ತೋಟದಲ್ಲಿ 50 ಹರ್ಟ್ಸ್ ಎಲ್ಲಿಂದ ಬಂತು? ಬಯೋಇಂಜಿನಿಯರಿಂಗ್‌ಗೆ ಅರ್ಜಿ ಹಾಕುವವರಿಗೆ

ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಹೊಳವಾಯಿತು ಅನ್ನುವಾಗ ನನಗೆ ಫೋನ್ ಬರಲು ಶುರು. ಎಲ್ಲ ನಮ್ಮ ಊರ ಕಡೆಯ ಮಕ್ಕಳೇ. "ಅಕ್ಕ, ನಾನು ಇಸಿ, ಎಲೆಕ್ಟ್ರಾನಿಕ್ಸ್ ಬ್ರಾಂಚ್. ಬಯಾಲಜಿ ಪುಸ್ತಕ ಮುಟ್ಟಿ ನಾಲ್ಕು ವರ್ಷ ಆಯ್ತು. ಬಯೋಇಂಜಿನಿಯರಿಂಗ್‌ಗೆ ಹಾಕಬಹುದಾ?" ಹಾಕಬಹುದು. ನಾನೂ ಇಸಿನೇ. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಶಿವಮೊಗ್ಗದಲ್ಲಿ ಬಿಇ, ಆಮೇಲೆ ಎಂಟೆಕ್, ಈಗ ಪಿಎಚ್‌ಡಿ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಗೇಟ್, ಅಂದರೆ ಎಂಟೆಕ್, ಪಿಎಚ್‌ಡಿ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಅರ್ಜಿ ಮಳೆಗಾಲದ ಕೊನೆಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಬಯೋಮೆಡಿಕಲ್ ಇಂಜಿನಿಯರಿಂಗ್‌ಗೆ ಬಿಎಂ ಅಂತ ಬೇರೆ ಪೇಪರ್ 2020ರಿಂದ ಇದೆ. ಸಿಲಬಸ್ ತೆರೆದು ನೋಡಿ, ಅರ್ಧ ಇಸಿಯವರ ಮನೆ ಅಡುಗೆಯೇ: ಸರ್ಕ್ಯೂಟ್, ಸಿಗ್ನಲ್ಸ್, ಅನಲಾಗ್, ಡಿಜಿಟಲ್. ಹೊಸದಾಗಿ ಓದಬೇಕಾದದ್ದು ಅನಾಟಮಿ, ಬಯೋಮೆಕ್ಯಾನಿಕ್ಸ್, ಬಯೋಮೆಟೀರಿಯಲ್ಸ್, ಮೆಡಿಕಲ್ ಇಮೇಜಿಂಗ್. ಮೆಕ್ಯಾನಿಕಲ್‌ನವರು ಸ್ವಂತ ಪೇಪರನ್ನೇ ಬರೆದರೂ ಹಲವು ಕಡೆ ನಡೆಯುತ್ತದೆ. ಯಾವ ಪೇಪರಿನ ಸ್ಕೋರ್ ಒಪ್ಪುತ್ತಾರೆ ಅನ್ನೋದನ್ನು ಆಯಾ ವಿಭಾಗದ ಪ್ರಕಟಣೆಯಲ್ಲಿ ನೋಡಿಯೇ ಅರ್ಜಿ ತುಂಬಿ. ಸ್ಕೋರ್ ಮೂರು ವರ್ಷ ಬಾಳುತ್ತದೆ. ಒಟ್ಟು 100 ಅಂಕದಲ್ಲಿ 15 ಆಪ್ಟಿಟ್ಯೂಡ್‌ಗೆ, ಅದನ್ನು ಸುಮ್ನೆ ಬಿಡಬೇಡಿ. ನಾನು ಬಿಟ್ಟು ಕೈ ಸುಟ್ಟುಕೊಂಡಿದ್ದೇನೆ.

ಎಲ್ಲಿಗೆ ಹಾಕೋದು? ಬೆಂಗಳೂರಿನ ಐಐಎಸ್‌ಸಿಯಲ್ಲಿ ಬಯೋಇಂಜಿನಿಯರಿಂಗ್ ವಿಭಾಗ ಇದೆ. ಬಿಇ ಮುಗಿಸಿದವರು ಅಲ್ಲಿ ನೇರವಾಗಿ ಪಿಎಚ್‌ಡಿಗೂ ಹಾಕಬಹುದು. ಐಐಟಿ ಬಾಂಬೆ, ಕಾನ್ಪುರ, ಗುವಾಹಟಿ, ಹೈದರಾಬಾದ್ ಇವೆ. ನನಗೆ ವೈಯಕ್ತಿಕವಾಗಿ ಆಸೆ ಇದ್ದದ್ದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ. ನಮ್ಮ ದೇಶದಲ್ಲೇ ಹೃದಯದ ಕವಾಟ ಮಾಡಿ 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದವರು ಅವರು. ಐಐಟಿ ಮದ್ರಾಸ್ ಮತ್ತು ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಜೊತೆ ಸೇರಿ ಕ್ಲಿನಿಕಲ್ ಇಂಜಿನಿಯರಿಂಗ್ ಎಂಟೆಕ್ ನಡೆಸಿದವರೂ ಅವರೇ. ದುಡ್ಡಿನ ವಿಷಯ ಮನೆಯಲ್ಲಿ ಕೇಳೇ ಕೇಳುತ್ತಾರೆ: ಗೇಟ್ ಮೂಲಕ ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ, ಪಿಎಚ್‌ಡಿಗೆ 2023ರಿಂದ 37,000. ನಮ್ಮ ಅಪ್ಪಯ್ಯ ಈ ಎರಡನೇ ಸಂಖ್ಯೆ ಕೇಳಿದ ಮೇಲೆಯೇ ಪೇಪರ್ ಮಡಚಿ ಪಕ್ಕಕ್ಕಿಟ್ಟಿದ್ದು.

ಇನ್ನು ಎಲ್ಲರೂ ಎಡವುವ ಜಾಗ, ಸ್ಟೇಟ್‌ಮೆಂಟ್ ಆಫ್ ಪರ್ಪಸ್. ನಿಮಗೆ ಏನು ಮಾಡಬೇಕು, ಯಾಕೆ ಅಂತ ಒಂದೆರಡು ಪುಟದಲ್ಲಿ ಬರೆಯುವ ಕಾಗದ. ನನ್ನ ಮೊದಲ ಸಾಲು "ಬಾಲ್ಯದಿಂದಲೂ ನನಗೆ ಜೀವಶಾಸ್ತ್ರ ಮತ್ತು ತಂತ್ರಜ್ಞಾನದಲ್ಲಿ ಅಪಾರ ಆಸಕ್ತಿ" ಅಂತಿತ್ತು. ಶುದ್ಧ ಸುಳ್ಳು. ಬಾಲ್ಯದಲ್ಲಿ ನನಗೆ ಆಸಕ್ತಿ ಇದ್ದದ್ದು ನೇರಳೆ ಹಣ್ಣಿನಲ್ಲಿ. ಸೀನಿಯರ್ ಒಬ್ಬಳು ಅಡ್ಡಗೆರೆ ಎಳೆದು, "ನಿನ್ನ ಕೈ ಏನು ಮಾಡಿದೆ ಅದನ್ನ ಬರಿ" ಅಂದಳು.

ನನ್ನ ಕೈ ಮಾಡಿದ್ದು ಇಷ್ಟೇ. ಅಡಿಕೆ ಗೊನೆ (ನಮ್ಮಲ್ಲಿ ಕೊನೆ ಅಂತಾರೆ) ಇಳಿಸುವವರು ಈಗ ಮರ ಹತ್ತೋದು ಕಮ್ಮಿ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೊಯ್ಯುವ ಕೋಲು ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಬೀಳುವ ಭಯ ಹೋಯಿತು, ಆದರೆ ದಿನವಿಡೀ ಕತ್ತೆತ್ತಿ, ಕೈ ಮೇಲೆತ್ತಿ ಭುಜ ನೋವು. ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ಮೂವರು ನಮ್ಮ ಕೊನೆಗಾರಣ್ಣನ ಭುಜಕ್ಕೆ ಇಸಿಜಿಗೆ ಅಂಟಿಸುವಂಥ ಎಲೆಕ್ಟ್ರೋಡ್ ಅಂಟಿಸಿ, ಸ್ನಾಯುವಿನ ಸಿಗ್ನಲ್ ಅಳೆಯಲು ಹೊರಟೆವು. ಇಎಂಜಿ ಅಂತಾರೆ. ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಸಿಗ್ನಲ್ ದೊಡ್ಡದು ಮಾಡುವ ಒಂದು ಆಂಪ್ಲಿಫೈಯರ್ ಬೋರ್ಡ್, ಲ್ಯಾಪ್‌ಟಾಪ್. ಹತ್ತು ಗೊನೆ ಇಳಿಸುವಷ್ಟರಲ್ಲಿ ಬೆವರಿಗೆ ಎಲೆಕ್ಟ್ರೋಡ್ ಕಿತ್ತು ಬಂತು. "ತಂಗಿ, ಇದಕ್ಕಿಂತ ಹಲಸಿನ ಮೇಣ ವಾಸಿ" ಅಂದರು ಅವರು. ಒರೆಸಿ, ಟೇಪ್ ಸುತ್ತಿ ಮತ್ತೆ ಅಂಟಿಸಿದೆವು. ಸ್ಕ್ರೀನ್ ಮೇಲೆ ಸ್ನಾಯು ಕಾಣಲೇ ಇಲ್ಲ, ಬರೀ 50 ಹರ್ಟ್ಸ್‌ನ ಅಲೆ. ಸೆಕೆಂಡಿಗೆ 50 ಸಲ ಏರಿಳಿಯುವ ನಮ್ಮ ಮನೆ ಕರೆಂಟಿನ ಗುಂಯ್.

ಸುತ್ತ ಅಡಿಕೆ ಮರ, ಬಾಳೆ, ಕಾಳುಮೆಣಸು. ಅಲ್ಲಿ 50 ಹರ್ಟ್ಸ್ ಎಲ್ಲಿಂದ? ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಲ್ಯಾಪ್‌ಟಾಪ್ ಚಾರ್ಜಿಗೆ ಪಂಪ್ ಹೌಸಿನಿಂದ ನಾವೇ ವೈರ್ ಎಳೆದಿದ್ದೆವು. ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದ ತಕ್ಷಣ ಗುಂಯ್ ಬಹುಪಾಲು ಹೋಯಿತು, ಸ್ನಾಯು ಕಾಣಿಸಿತು.

ಇದನ್ನು ಹೀಗೇ ಬರೆದೆ. ಏನು ಕೆಟ್ಟಿತು, ಯಾಕೆ, ಏನು ಮಾಡಿದೆವು, ಇನ್ನೂ ಏನು ಸರಿಯಾಗಿಲ್ಲ. ಕೊನೆಯ ಪ್ಯಾರಾದಲ್ಲಿ ಮಾತ್ರ, ಬೆವರಿನಲ್ಲೂ ನಿಲ್ಲುವ ಎಲೆಕ್ಟ್ರೋಡ್ ಬಗ್ಗೆ ಕೆಲಸ ಮಾಡುವ ಆಸೆ, ಅರ್ಜಿ ಹಾಕುವ ವಿಭಾಗದಲ್ಲಿ ಯಾರ ಕೆಲಸ ಇದಕ್ಕೆ ಹತ್ತಿರ ಅಂತ. ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಬರೀ ಇದೇ ಪ್ರಶ್ನೆ. "50 ಹರ್ಟ್ಸನ್ನು ಫಿಲ್ಟರ್ ಹಾಕಿ ತೆಗೆದರೆ ಏನು ಕಳೆದುಕೊಳ್ಳುತ್ತೀಯ?" ಇಎಂಜಿಯ ಶಕ್ತಿ ಸುಮಾರು 20ರಿಂದ 450 ಹರ್ಟ್ಸ್ ಒಳಗೇ ಇರೋದು, ಹಾಗಾಗಿ ಸ್ನಾಯುವಿನದ್ದೂ ಸ್ವಲ್ಪ ಹೋಗುತ್ತದೆ. "ಸೆಕೆಂಡಿಗೆ ಎಷ್ಟು ಸ್ಯಾಂಪಲ್ ತಗೊಂಡಿರಿ?" ನಾವು ತೆಗೆದುಕೊಂಡದ್ದು 500. 450 ಹರ್ಟ್ಸ್‌ವರೆಗೆ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು, ಅಂದರೆ ಕನಿಷ್ಠ 1000 ಬೇಕಿತ್ತು. ತಪ್ಪಾಗಿದೆ ಸಾರ್ ಅಂತ ಒಪ್ಪಿಕೊಂಡೆ. ಅವರಿಗೆ ಬೇಕಿದ್ದದ್ದು ಅದೇ ಅಂತ ಕಾಣುತ್ತದೆ, ಯಾಕೆಂದರೆ ನಗುತ್ತಾ ಮುಂದಿನ ಪ್ರಶ್ನೆಗೆ ಹೋದರು.

ಶಿಫಾರಸು ಪತ್ರದ ಕತೆ ಬೇರೆ. ಕೇಳೋದಕ್ಕೆ ನಾಚಿಕೆ ಪಟ್ಟು ನಾನು ಡೆಡ್‌ಲೈನ್‌ಗೆ ಹತ್ತು ದಿನ ಇರುವಾಗ ಕೇಳಿದೆ. ಪತ್ರ ಹಾಕಲು ಮೇಷ್ಟ್ರೊಬ್ಬರಿಗೆ ಮೇಲ್‌ನಲ್ಲಿ ಹೋದ ಲಿಂಕ್ ಸ್ಪ್ಯಾಮ್‌ನಲ್ಲಿ ಕೂತಿತ್ತು, ಅವರು ನೋಡಲೇ ಇಲ್ಲ, ಆ ಅರ್ಜಿ ಅಲ್ಲೇ ಸತ್ತಿತು. ತಪ್ಪು ನನ್ನದೇ ಜಾಸ್ತಿ. ಒಂದೂವರೆ ತಿಂಗಳು ಮುಂಚೆ ಹೋಗಿ ಕೇಳಿ. ಜೊತೆಗೆ ಒಂದು ಪುಟ ಕೊಡಿ: ಅವರ ಹತ್ತಿರ ಯಾವ ಪಾಠ, ಯಾವ ಪ್ರಾಜೆಕ್ಟ್, ನೀವು ಮಾಡಿದ್ದು ಏನು. "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದರೆ ಆ ಪುಟವನ್ನೇ ಮುಂದಿಟ್ಟು, ನೀವೇ ಬರೆದರೆ ಚೆನ್ನ ಸಾರ್ ಅನ್ನಿ. ಮೂರು ಪತ್ರ ಒಂದೇ ಕೈಯಲ್ಲಿ ಬರೆದದ್ದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ದಾಖಲೆಗಳಲ್ಲಿ ಎರಡು ಕಾಟ. ಒಂದು, ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರು, ಅಪ್ಪನ ಹೆಸರಿನ ಮೊದಲ ಅಕ್ಷರಗಳು, ಆಧಾರ್‌ನಲ್ಲಿ ಅವು ಬಿಡಿಸಿ ಬರೆದದ್ದು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಎಲ್ಲದರಲ್ಲೂ ಒಂದೇ ಥರ ಇರುವಂತೆ ಮೊದಲೇ ಮಾಡಿಸಿಕೊಳ್ಳಿ. ಎರಡು, ಮೀಸಲಾತಿ. ನಮ್ಮಲ್ಲಿನ 2ಎ, 3ಎ ಪ್ರಮಾಣಪತ್ರ ಐಐಟಿಗೆ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದ್ದರೆ ಕೇಂದ್ರದ ನಮೂನೆಯಲ್ಲೇ ಒಬಿಸಿ, ಕೆನೆಪದರವಲ್ಲ ಅನ್ನುವ ಪತ್ರ ಬೇಕು, ಅದೂ ಇತ್ತೀಚಿನದು. ನಾಡಕಚೇರಿಯಲ್ಲಿ ಕೇಳುವಾಗ "ಸೆಂಟ್ರಲ್" ಅಂತ ಎರಡು ಸಲ ಹೇಳಿ.

ವಿದೇಶಕ್ಕೆ ಹಾಕೋರಿಗೆ ಚುಟುಕಾಗಿ. ಅಮೆರಿಕದ ಡೆಡ್‌ಲೈನ್‌ಗಳು ಹೆಚ್ಚಾಗಿ ಡಿಸೆಂಬರ್‌ನಲ್ಲಿ. ಅಲ್ಲಿನ ಪೂರ್ವ ಕರಾವಳಿಯ ರಾತ್ರಿ 11:59 ಅಂದರೆ ನಮಗೆ ಮರುದಿನ ಬೆಳಿಗ್ಗೆ 10:29. ಅರ್ಜಿ ಶುಲ್ಕ ಸಾಮಾನ್ಯವಾಗಿ 75 ಡಾಲರ್‌ನಿಂದ ಮೇಲೆ, ಮಾಫಿ ಕೇಳಿದರೆ ಕೆಲವರು ಕೊಡುತ್ತಾರೆ. ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯನ್ನು ಈಗ ಎಷ್ಟೋ ಕಡೆ ಕೇಳೋದಿಲ್ಲ. ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಅನ್ನು ನಲವತ್ತು ಜನಕ್ಕೆ ಕಳಿಸಿದೆ, ಒಬ್ಬರದಕ್ಕೆ ಇನ್ನೊಬ್ಬರ ಹೆಸರು ಉಳಿದಿತ್ತು. ಉತ್ತರ ಸೊನ್ನೆ. ಆಮೇಲೆ ಅವರವರ ಸಂಶೋಧನಾ ಪೇಪರ್ ಓದಿ, ಆರು ಸಾಲಿನ ಮೇಲ್ ಐದು ಜನಕ್ಕೆ ಕಳಿಸಿದೆ. ಇಬ್ಬರು ಉತ್ತರಿಸಿದರು.

ಐಐಟಿಗಳ ಎಂಟೆಕ್ ಆಫರ್ ಬರೋದು ಕೋಆಪ್ ಅನ್ನುವ ಪೋರ್ಟಲ್‌ನಲ್ಲಿ, ಸುತ್ತು ಸುತ್ತಾಗಿ. ಒಪ್ಪಿ ಫ್ರೀಜ್ ಮಾಡಬಹುದು, ಇಟ್ಟುಕೊಂಡು ಕಾಯಬಹುದು, ಬೇಡ ಅಂದು ಕಾಯಬಹುದು. ಕೊಟ್ಟ ಅವಧಿಯೊಳಗೆ ಬಟನ್ ಒತ್ತದಿದ್ದರೆ ಸೀಟು ಕೈತಪ್ಪುತ್ತದೆ. ನಮ್ಮ ಮನೆಯಲ್ಲಿ ಮಳೆ ಬಂದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಆಫರ್ ಬಂದು ಬಟನ್ ಒತ್ತಬೇಕಿದ್ದ ಎರಡು ದಿನ ನಾನು ತೀರ್ಥಹಳ್ಳಿ ಪೇಟೆಯ ಅತ್ತೆ ಮನೆಯಲ್ಲಿ ಕೂತಿದ್ದೆ, ಫೋನಿನ ಚಾರ್ಜರ್ ಸಮೇತ.