ಸಿಂಪಡಿಸುವ ಮೊದಲು ಬರೆದಿಡಿ: ಅಡಿಕೆ ತೋಟದ ರೋಗವನ್ನು ನೀವೇ ಅಧ್ಯಯನ ಮಾಡುವ ಬಗೆ

ಅಡಿಕೆ ಮರದ ಸೋಗೆಯಲ್ಲಿ ಚುಕ್ಕೆ ಕಂಡ ಕೂಡಲೇ ಈಗ ಮೊಬೈಲ್ ಹೊರಬರುತ್ತದೆ. ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಬೋರಾನ್ ಕೊರತೆ ಎಂದು ಒಬ್ಬರು, ಬೇರುಹುಳ ಎಂದು ಇನ್ನೊಬ್ಬರು ಹೇಳುತ್ತಾರೆ. ಮತ್ತೊಬ್ಬರು ಶಿಲೀಂಧ್ರನಾಶಕವೊಂದರ ಹೆಸರನ್ನೇ ಬರೆಯುತ್ತಾರೆ. ಮರುದಿನ ಸಿಂಪರಣೆಯೂ ಮುಗಿಯುತ್ತದೆ. ಆಮೇಲೆ ರೋಗ ಕಡಿಮೆಯಾದರೆ ಔಷಧದಿಂದಲೋ, ಮಳೆ ಬಿಟ್ಟಿದ್ದರಿಂದಲೋ ಎಂದು ಹೇಳಲು ನಮ್ಮ ಬಳಿ ಏನೂ ಉಳಿದಿರುವುದಿಲ್ಲ. ಮುಂದಿನ ವರ್ಷ ಅದೇ ಚುಕ್ಕೆ ಬಂದಾಗ ಮತ್ತೆ ಮೊದಲಿನಿಂದ ಊಹೆ.

ಸಸ್ಯರೋಗ ಸಂಶೋಧನೆ ಎಂದರೆ ಬಿಳಿ ಕೋಟು ಹಾಕಿದವರ ಕೆಲಸ ಎಂದು ಕೈಬಿಡಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ನಡೆಯುವುದು ಆ ಕೆಲಸದ ದ್ವಿತೀಯಾರ್ಧ ಮಾತ್ರ. ಮೊದಲ ಅರ್ಧ ತೋಟದಲ್ಲೇ ನಡೆಯಬೇಕು, ಅದನ್ನು ತೋಟದವರೇ ಮಾಡಬೇಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಕೊಳೆಗೆ ಫೈಟಾಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿ ಕಾರಣವೆಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಿದರು. ಅದಕ್ಕೂ ಮೊದಲೇ ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ನೀರು ತಾಗಿದರೆ ಕೊಳೆ ಬರುತ್ತದೆ ಎಂಬುದನ್ನು ಅವರು ನೋಡಿಯೇ ಕಂಡುಕೊಂಡಿದ್ದರು. ಆ ನೋಟವನ್ನು ಕಾಗದದ ಮೇಲೆ ಇಳಿಸುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.

ಹಂತ 1: ಒಂದು ನೋಟ್‌ಬುಕ್, ಒಂದು ನಕ್ಷೆ

ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಸಾಕು. ಬರೆಯಲು ಪೆನ್ಸಿಲ್ ಇರಲಿ, ಮಳೆಹನಿ ಬಿದ್ದರೂ ಅಕ್ಷರ ಕದಡುವುದಿಲ್ಲ. ಮೊದಲ ಪುಟದಲ್ಲಿ ತೋಟದ ನಕ್ಷೆ ಬರೆಯಿರಿ. ಸಾಲುಗಳು, ಬಸಿಗಾಲುವೆಗಳು, ನೀರು ನಿಲ್ಲುವ ತಗ್ಗು, ಬೆಟ್ಟದ ಕಡೆಯ ಅಂಚು, ಬಿಸಿಲು ಬೀಳುವ ದಿಕ್ಕು, ಪಕ್ಕದ ತೋಟದ ಗಡಿ ಎಲ್ಲವೂ ಅದರಲ್ಲಿರಲಿ. ರೋಗ ಕಂಡ ಮರಗಳನ್ನು ಗುರುತು ಹಾಕುತ್ತ ಹೋದರೆ, ಅದು ಕಾಲುವೆಯ ಗುಂಟ ಹರಡುತ್ತಿದೆಯೋ, ಗಾಳಿಯ ದಿಕ್ಕಿನಲ್ಲೋ, ಅಲ್ಲೊಂದು ಇಲ್ಲೊಂದು ಚದುರಿದೆಯೋ ಎಂಬುದು ಕೆಲವೇ ವಾರಗಳಲ್ಲಿ ಕಾಣುತ್ತದೆ. ನೆಲದಲ್ಲಿನ ತೊಂದರೆ ಹೆಚ್ಚಾಗಿ ತಗ್ಗಿನಲ್ಲಿ ಗುಂಪುಗಟ್ಟುತ್ತದೆ. ಗಾಳಿಮಳೆಯಲ್ಲಿ ಹರಡುವ ಎಲೆಚುಕ್ಕಿ ಮರದಿಂದ ಮರಕ್ಕೆ ಸಾಗುತ್ತದೆ.

ದಿನಾಂಕದ ಜೊತೆಗೆ ಮಳೆನಕ್ಷತ್ರವನ್ನೂ ಬರೆಯಿರಿ. ಆರಿದ್ರಾದಲ್ಲಿ ಬಂದ ಕೊಳೆಗೂ ಆಶ್ಲೇಷದಲ್ಲಿ ಬಂದ ಕೊಳೆಗೂ ಇರುವ ವ್ಯತ್ಯಾಸ ನಮ್ಮವರ ನೆನಪಿನಲ್ಲಿ ಉಳಿಯುವುದು ಹಾಗೆಯೇ. ಸಾಧ್ಯವಿದ್ದರೆ ಅಂಗಳದಲ್ಲಿ ಮಳೆಮಾಪಕ ಇಟ್ಟು ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಅಳತೆ ಬರೆಯಿರಿ. ಬಿಡದೆ ಸುರಿಯುವ ಮಳೆ, ತಂಪು, ಗಾಳಿಯಲ್ಲಿ ತುಂಬಿದ ತೇವ ಸೇರಿದರೆ ಕೊಳೆರೋಗಕ್ಕೆ ಹಬ್ಬ. ಹತ್ತು ದಿನದ ಮಳೆಯ ಅಂಕಿ ಪಕ್ಕದಲ್ಲಿಲ್ಲದಿದ್ದರೆ ರೋಗದ ಅಂಕಿಗೆ ಅರ್ಥವೇ ಇರುವುದಿಲ್ಲ.

ಹಂತ 2: ನೋಡುವ ಕ್ರಮ

ಮೇಲಿಂದಲೇ ಔಷಧ ಹೊಡೆಯುವ ಆತುರದಲ್ಲಿ ನಾವು ಬುಡವನ್ನು ನೋಡುವುದೇ ಇಲ್ಲ. ಬೇರಿನಿಂದ ಶುರುಮಾಡಿ. ಮಣ್ಣು ಕೆದಕಿ ನೋಡಿದರೆ ಬೇರಿನ ತುದಿ ಬಿಳಿಯಾಗಿದೆಯೋ ಕಪ್ಪಾಗಿ ಕೊಳೆತಿದೆಯೋ, ಹುಳ ಕಡಿದಿದೆಯೋ ತಿಳಿಯುತ್ತದೆ. ನಂತರ ಕಾಂಡ, ಹಾಳೆ, ಗೊನೆ, ಕೊನೆಗೆ ಸುಳಿ. ಮರದ ತುದಿಯನ್ನು ನೆಲದಿಂದ ನೋಡಿ ತೀರ್ಮಾನಿಸಬೇಡಿ. ಮರ ಹತ್ತಿ ಗೊನೆ ಕೊಯ್ಯುವ ಊರಿನ ಕೊನೆಗಾರರಷ್ಟು ಹತ್ತಿರದಿಂದ ಸುಳಿಯನ್ನು ಕಂಡವರು ಇನ್ನಾರೂ ಇಲ್ಲ. ಅವರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾವ ಸಂಶೋಧನಾ ತಂಡಕ್ಕೂ ಅದು ಬೆಲೆಬಾಳುವ ಮಾಹಿತಿ.

ಎಲೆಯಲ್ಲಿ ಮುಖ್ಯವಾಗಿ ಮೂರು ಸಂಗತಿ ಗಮನಿಸಿ. ತೊಂದರೆ ಹಳೆಯ ಸೋಗೆಯಲ್ಲಿ ಮೊದಲು ಕಂಡಿತೋ, ಹೊಸದರಲ್ಲೋ? ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಕೊರತೆಗಳು ಹಳೆಯ ಎಲೆಯಿಂದ ಶುರುವಾಗುತ್ತವೆ. ಬೋರಾನ್ ಕೊರತೆ ಎಳೆಯ ಎಲೆಯಲ್ಲಿ, ಸುಳಿಯಲ್ಲಿ ಕಾಣುತ್ತದೆ. ಎರಡನೆಯದು, ಹಳದಿ ಬಣ್ಣ ಎರಡೂ ಬದಿಗೆ ಸಮನಾಗಿ ಹಬ್ಬಿದೆಯೋ, ಅಲ್ಲಲ್ಲಿ ಚುಕ್ಕೆಯಾಗಿದೆಯೋ? ಸಮನಾಗಿದ್ದರೆ ಪೋಷಕಾಂಶವನ್ನು ಮೊದಲು ಅನುಮಾನಿಸಿ. ಮೂರನೆಯದು, ಚುಕ್ಕೆಯ ಸುತ್ತ ಹಳದಿ ಅಂಚಿದೆಯೇ? ಎಲೆಯನ್ನು ಬೆಳಕಿಗೆ ಹಿಡಿದರೆ ಅದು ಚೆನ್ನಾಗಿ ಕಾಣುತ್ತದೆ. ಮಲೆನಾಡಿನಲ್ಲಿ ಈಚಿನ ವರ್ಷಗಳಲ್ಲಿ ನಿದ್ದೆಗೆಡಿಸಿರುವ ಎಲೆಚುಕ್ಕಿ ರೋಗ ಕೆಳಗಿನ ಸೋಗೆಗಳಲ್ಲಿ ಸಣ್ಣ ಕಂದು ಚುಕ್ಕೆಗಳಾಗಿ, ಹಳದಿ ಅಂಚಿನೊಂದಿಗೆ ಶುರುವಾಗಿ, ಚುಕ್ಕೆಗಳು ಕೂಡಿಕೊಂಡು ಎಲೆ ಒಣಗುವವರೆಗೂ ಹೋಗುತ್ತದೆ. ಇದರ ಹಿಂದೆ ಕೊಲೆಟೋಟ್ರೈಕಮ್ ಕುಲದ ಶಿಲೀಂಧ್ರವಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಹಳದಿ ಎಲೆ ರೋಗ ಬೇರೆಯೇ. ಅದರಲ್ಲಿ ಹೊರಸುತ್ತಿನ ಸೋಗೆಯ ಎಲೆತುದಿ ಹಳದಿಯಾಗಿ, ಬಣ್ಣ ಒಳಗೆ ಸರಿಯುತ್ತ ಬರುತ್ತದೆ. ಕಾಯಿಯೊಳಗಿನ ತಿರುಳು ಕಪ್ಪಾಗುತ್ತದೆ, ಬೇರಿನ ತುದಿಯೂ ಕೊಳೆಯುತ್ತದೆ. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ, ಬ್ಯಾಕ್ಟೀರಿಯಾ ಜಾತಿಯ ಅತಿಸಣ್ಣ ಜೀವಿ. ಶಿಲೀಂಧ್ರನಾಶಕ ಎಷ್ಟು ಸುರಿದರೂ ಅದಕ್ಕೆ ತಾಗುವುದಿಲ್ಲ. ಈ ಎರಡು ರೋಗಗಳನ್ನು ಒಂದೆಂದು ತಿಳಿದು ಖರ್ಚು ಮಾಡಿದ ಹಣ ಮಣ್ಣಿಗೆ ಹೋಗುತ್ತದೆ ಎಂಬ ಸಂಕಟದಿಂದಲೇ ನಾನಿದನ್ನು ಒತ್ತಿ ಹೇಳುತ್ತಿದ್ದೇನೆ.

ತೋಟದ ನಡುವೆ ಶುಂಠಿ ಅಥವಾ ತರಕಾರಿ ಇದ್ದವರಿಗೆ ಒಂದು ಸುಲಭ ಪರೀಕ್ಷೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕತ್ತರಿಸಿದ ತುದಿ ಗಾಜಿನ ಲೋಟದ ತಿಳಿನೀರಿಗೆ ತಾಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಲೋಟದ ನೀರನ್ನು ತೋಟಕ್ಕೆ ಚೆಲ್ಲಬೇಡಿ, ಕುದಿಸಿ ಚೆಲ್ಲಿ.

ಹಂತ 3: ಲೆಕ್ಕ ಹಾಕುವುದು

"ತುಂಬಾ ರೋಗ ಇದೆ" ಎಂಬ ಮಾತಿನಿಂದ ಅಧ್ಯಯನ ಆಗುವುದಿಲ್ಲ. ತೋಟದಲ್ಲಿ ಅಂಕುಡೊಂಕಾಗಿ ನಡೆದು 20 ಮರ ಆರಿಸಿ. ರಸ್ತೆಯ ಅಂಚಿನವನ್ನು ಮಾತ್ರವೋ, ಕಣ್ಣಿಗೆ ಕುಕ್ಕುವಷ್ಟು ರೋಗವಿರುವವನ್ನು ಮಾತ್ರವೋ ಆರಿಸಬೇಡಿ. ಸಾಲಿನಲ್ಲಿ ಪ್ರತಿ ಐದನೆಯ ಮರ ಎಂಬ ನಿಯಮ ಇಟ್ಟುಕೊಂಡರೆ ಮನಸ್ಸಿನ ಒಲವು ಅಡ್ಡ ಬರುವುದಿಲ್ಲ. ಆ ಮರಗಳಿಗೆ ಬಣ್ಣದ ಪಟ್ಟಿ ಬಳಿಯಿರಿ. ಮುಂದೆಯೂ ಅವನ್ನೇ ನೋಡಬೇಕು.

ಪ್ರತಿ ಮರಕ್ಕೂ 0ಯಿಂದ 5ರವರೆಗೆ ಅಂಕ ಕೊಡಿ. 0 ಎಂದರೆ ಚುಕ್ಕೆಯೇ ಇಲ್ಲ, 5 ಎಂದರೆ ಎಲೆಗಳ ಬಹುಪಾಲು ಒಣಗಿದೆ. ನಡುವಿನ ಅಂಕಗಳಿಗೆ ನಿಮ್ಮದೇ ವಿವರಣೆ ಬರೆದಿಟ್ಟು ವರ್ಷವಿಡೀ ಅದನ್ನು ಬದಲಿಸಬೇಡಿ. 6 ಮರಕ್ಕೆ 0, 5 ಮರಕ್ಕೆ 1, 4 ಮರಕ್ಕೆ 2, 3 ಮರಕ್ಕೆ 3, 2 ಮರಕ್ಕೆ 4 ಬಂದಿದೆ ಎನ್ನಿ. ರೋಗ ಇರುವ ಮರ 14, ಅಂದರೆ ಶೇ 70. ಅಂಕಗಳ ಮೊತ್ತ 30. 20 ಮರಕ್ಕೂ 5 ಬಂದಿದ್ದರೆ ಮೊತ್ತ 100 ಆಗುತ್ತಿತ್ತು. ಹಾಗಾಗಿ ತೀವ್ರತೆ ಶೇ 30. ಹರಡುವಿಕೆ 70, ತೀವ್ರತೆ 30 ಎಂದರೆ ರೋಗ ಬಹುತೇಕ ಕಡೆ ಕಾಲಿಟ್ಟಿದೆ, ಆದರೆ ಇನ್ನೂ ಗಟ್ಟಿಯಾಗಿ ಕುಳಿತಿಲ್ಲ. ಕ್ರಮ ಕೈಗೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಂದೇ ಅಂಕಿ ಇಟ್ಟುಕೊಂಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಇದೇ ಲೆಕ್ಕ ಮಾಡಿ.

ಹಂತ 4: ಸುತ್ತಲಿನ ಗಿಡಮರ

ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಕೊಲೆಟೋಟ್ರೈಕಮ್‌ನಂಥ ಶಿಲೀಂಧ್ರಗಳಿಗೆ ಅಡಿಕೆಯೊಂದೇ ಮನೆಯಲ್ಲ. ಮಾವು, ಏಲಕ್ಕಿ, ಕಾಳುಮೆಣಸು ಮೊದಲಾದವುಗಳ ಮೇಲೂ ಆ ಕುಲದ ಶಿಲೀಂಧ್ರಗಳಿವೆ. ಫೈಟಾಫ್ತೊರಾ ಕುಲವೂ ಹಾಗೆಯೇ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ರಬ್ಬರ್ ಎಲೆ ಉದುರುವುದಕ್ಕೂ ಅದರ ಪ್ರಭೇದಗಳೇ ಕಾರಣ. ಆದ್ದರಿಂದ ತೋಟದೊಳಗೂ ಅಂಚಿನಲ್ಲೂ ಏನೇನು ಬೆಳೆದಿದೆ ಎಂಬ ಪಟ್ಟಿ ಅಧ್ಯಯನದ ಭಾಗವೇ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ವ್ಯವಸ್ಥೆ ಇತ್ತೆಂದರೆ, ತೋಟದ ಆರೋಗ್ಯ ಬೆಟ್ಟಕ್ಕೆ ಎಷ್ಟು ಅಂಟಿಕೊಂಡಿತ್ತೆಂದು ಊಹಿಸಬಹುದು. ಮತ್ತಿ, ಹೊನ್ನೆ, ನಂದಿ, ಕೌಲು, ನೇರಲೆ ಇದ್ದ ಬೆಟ್ಟ ಬೋಳಾಗಿ ಅಕೇಶಿಯಾ ಬಂದರೆ ಸೊಪ್ಪು, ನೆರಳು, ತೇವ ಎಲ್ಲವೂ ಬದಲಾಗುತ್ತವೆ.

ಎಣಿಸುವ ವಿಧಾನ ಸರಳ. ಮರಗಳಿಗೆ 10 ಮೀಟರ್ ಚದರ, ಪೊದೆಗಳಿಗೆ 5 ಮೀಟರ್ ಚದರ, ಹುಲ್ಲು ಮತ್ತು ಸಣ್ಣ ಗಿಡಗಳಿಗೆ 1 ಮೀಟರ್ ಚದರದ ಅಂಕಣವನ್ನು ಹಗ್ಗ ಕಟ್ಟಿ ಗುರುತಿಸಿ. ಒಳಗಿರುವ ಪ್ರತಿ ಜಾತಿಯ ಹೆಸರು, ಸಂಖ್ಯೆ, ಅದರ ಎಲೆಯಲ್ಲಿ ಚುಕ್ಕೆ ಇದೆಯೇ ಎಂಬುದನ್ನು ಬರೆಯಿರಿ. ಹೆಸರು ಗೊತ್ತಿಲ್ಲದ ಗಿಡದ ಹೂ ಅಥವಾ ಕಾಯಿ ಇರುವ ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಡಿ. ಮಲೆನಾಡಿನ ಮಳೆಗಾಲದಲ್ಲಿ ಹಾಳೆಯನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಊರಿನ ಹೆಸರನ್ನು ಮರೆಯದೆ ಬರೆಯಿರಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರು ಗುರುತಿಸಿ ಕೊಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಣಸಸ್ಯ ಸಂಗ್ರಹದಲ್ಲಿ ಕರ್ನಾಟಕದ ಸಸ್ಯಗಳ ದೊಡ್ಡ ರಾಶಿಯೇ ಇದೆ.

ಹಂತ 5: ಮಾದರಿ ಕಳುಹಿಸುವುದು

ಪೂರ್ತಿ ಒಣಗಿದ ಸೋಗೆಯನ್ನು ಸುತ್ತಿ ಕಳುಹಿಸುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಪ್ರಯೋಜನವಿಲ್ಲ. ಸತ್ತ ಎಲೆಯ ಮೇಲೆ ಕೊಳೆಸುವ ಬೇರೆ ಶಿಲೀಂಧ್ರಗಳು ಮನೆ ಮಾಡಿರುತ್ತವೆ, ನಿಜವಾದ ರೋಗಾಣು ಅವುಗಳ ಅಡಿಯಲ್ಲಿ ಕಳೆದುಹೋಗಿರುತ್ತದೆ. ಪ್ರಯೋಗಾಲಯದವರಿಗೆ ಬೇಕಾದದ್ದು ರೋಗವೂ ಹಸಿರೂ ಕೂಡುವ ಗಡಿ. ಅಲ್ಲಿಂದ ಸಣ್ಣ ತುಣುಕು ಕತ್ತರಿಸಿ, ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಹೊರಮೈ ತೊಳೆದು, ಆಲೂಗಡ್ಡೆಯ ಸಾರ ಮತ್ತು ಡೆಕ್ಸ್‌ಟ್ರೋಸ್ ಸೇರಿಸಿದ ಅಗಾರ್ (ಜೆಲ್ಲಿಯಂತೆ ಗಟ್ಟಿಯಾಗುವ ವಸ್ತು) ತಟ್ಟೆಯ ಮೇಲಿಟ್ಟು ಬೆಳೆಸುತ್ತಾರೆ. ಬೆಳೆದದ್ದನ್ನು ಆರೋಗ್ಯವಂತ ಸಸಿಗೆ ತಗುಲಿಸಿ, ಅದೇ ಲಕ್ಷಣ ಬಂದು, ಮತ್ತೆ ಅದೇ ಜೀವಿ ಸಿಕ್ಕರೆ ಮಾತ್ರ ರೋಗಕ್ಕೆ ಕಾರಣ ಅದೆಂದು ಒಪ್ಪುತ್ತಾರೆ. ಜರ್ಮನಿಯ ರಾಬರ್ಟ್ ಕಾಖ್ ಹಾಕಿಕೊಟ್ಟ ಈ ಕಟ್ಟುನಿಟ್ಟು ಇಂದಿಗೂ ಸಸ್ಯರೋಗ ಶಾಸ್ತ್ರದ ಬೆನ್ನೆಲುಬು.

ಹಾಗಾಗಿ ರೋಗದ ಆರಂಭದಲ್ಲಿ, ಸಿಂಪರಣೆಗೆ ಮೊದಲು, ಮೂರು ನಾಲ್ಕು ಮರಗಳಿಂದ ಎಲೆ ತೆಗೆಯಿರಿ. ಜೊತೆಗೆ ಆರೋಗ್ಯವಂತ ಮರದ ಒಂದು ಎಲೆಯೂ ಇರಲಿ, ಹೋಲಿಸಲು ಬೇಕು. ಎಲೆಯನ್ನು ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿದ ಎಲೆ ದಾರಿಯಲ್ಲೇ ಕೊಳೆಯುತ್ತದೆ. ಬೇರು ಮತ್ತು ಮಣ್ಣು ಮಾತ್ರ ಒಣಗಬಾರದು, ಅವು ಪ್ಲಾಸ್ಟಿಕ್‌ನಲ್ಲಿ ಬೇರೆಯಾಗಿ ಹೋಗಲಿ. ವಾರದ ಕೊನೆಗೆ ಕೊರಿಯರ್ ಮಾಡಬೇಡಿ, ಭಾನುವಾರವೆಲ್ಲ ಗೋದಾಮಿನಲ್ಲಿ ಕುಳಿತಿರುತ್ತದೆ.

ಚೀಟಿಯಲ್ಲಿ ಊರು, ದಿನಾಂಕ, ಮರದ ವಯಸ್ಸು, ತಳಿ, ರೋಗ ಮೊದಲು ಕಂಡ ದಿನ, ಹರಡುವಿಕೆ ಮತ್ತು ತೀವ್ರತೆಯ ಅಂಕಿ, ಹಿಂದಿನ ಎರಡು ತಿಂಗಳಲ್ಲಿ ಕೊಟ್ಟ ಗೊಬ್ಬರ, ಸಿಂಪಡಿಸಿದ ಔಷಧ ಎಲ್ಲವನ್ನೂ ಬರೆಯಿರಿ. ನಿಮ್ಮ ಅನುಮಾನವನ್ನೂ ಸೇರಿಸಿ. ಫೈಟಾಫ್ತೊರಾವನ್ನು ಬೆಳೆಸಿ ಹಿಡಿಯಲು ತಟ್ಟೆಯಲ್ಲಿ ಬೇರೆ ಬಗೆಯ ಆಹಾರ ಬೇಕು. ಫೈಟೊಪ್ಲಾಸ್ಮಾ ಅಗಾರ್ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ, ಅದಕ್ಕೆ ಡಿಎನ್ಎ ಪರೀಕ್ಷೆ ಆಗಬೇಕು. ಕೇಳದಿದ್ದರೆ ಆ ಪರೀಕ್ಷೆ ನಡೆಯದೆ ಹೋಗಬಹುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅದರ ವಿಟ್ಲ ಕೇಂದ್ರ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇವುಗಳಲ್ಲಿ ಹತ್ತಿರದ್ದಕ್ಕೆ ಮೊದಲು ಫೋನ್ ಮಾಡಿ, ಯಾವ ಭಾಗ ಬೇಕೆಂದು ಕೇಳಿಕೊಂಡೇ ಕೊಯ್ಯಿರಿ.

ಫೋಟೊವನ್ನು ನಾನು ಬೇಡವೆನ್ನುವುದಿಲ್ಲ. ದೂರದ ತಜ್ಞರ ಕಣ್ಣು ಅದು. ಆದರೆ ಒಂದೇ ಫೋಟೊ ಸಾಲದು. ಇಡೀ ಮರ, ತುದಿ, ಎಲೆಯ ಮೇಲ್ಮೈ, ಅಡಿಭಾಗ, ಸೀಳಿದ ಕಾಯಿ, ಬೇರು ಹೀಗೆ ಸಾಲಾಗಿ ತೆಗೆಯಿರಿ. ಎಲೆಯ ಅಡಿ ಬಿಳಿ ಕಾಗದ, ಪಕ್ಕದಲ್ಲಿ ಒಂದು ನಾಣ್ಯ ಇರಲಿ. ಮೋಡದ ದಿನದ ಬೆಳಕು ಬಿಸಿಲಿಗಿಂತ ಒಳ್ಳೆಯದು.

ಹಂತ 6: ಔಷಧದ ಗುಣ ಪರೀಕ್ಷಿಸುವುದು

ಹೊಸ ಔಷಧ ಪ್ರಯತ್ನಿಸುವುದಾದರೆ ಇಡೀ ತೋಟಕ್ಕೆ ಒಮ್ಮೆಲೇ ಬೇಡ. ತೋಟವನ್ನು ಆರು ಪಟ್ಟಿಗಳಾಗಿ ಮಾಡಿ, ಚೀಟಿ ಎತ್ತಿ ಮೂರಕ್ಕೆ ಹೊಸದು, ಮೂರಕ್ಕೆ ನಿಮ್ಮ ಎಂದಿನ ಬೋರ್ಡೋ ಎಂದು ನಿಶ್ಚಯಿಸಿ. ಪುಸ್ತಕದ ಪ್ರಕಾರ ಏನೂ ಹೊಡೆಯದ ಪಟ್ಟಿಯೂ ಇರಬೇಕು. ಕೊಳೆರೋಗದ ವಿಷಯದಲ್ಲಿ ನಾನದನ್ನು ಒಪ್ಪುವುದಿಲ್ಲ, ನಿಮ್ಮ ಪ್ರಯೋಗಕ್ಕೆ ಪಕ್ಕದ ತೋಟದ ಫಸಲು ಬಲಿಯಾಗಬಾರದು.

ಬೋರ್ಡೋ ಕೆಲಸ ಮಾಡಲಿಲ್ಲ ಎನ್ನುವ ಮುನ್ನ ಅದನ್ನು ತಯಾರಿಸಿದ ರೀತಿಯನ್ನು ನೋಡಿ. ಶೇ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಒಳ್ಳೆಯ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ 50 ಲೀಟರ್‌ಗೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು, ತಿರುಗುಮುರುಗು ಮಾಡಬಾರದು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ತಯಾರಿಸಿದ ದಿನವೇ ಹೊಡೆದು ಮುಗಿಸಿ. ಹೊಡೆದ ಎಷ್ಟು ಹೊತ್ತಿಗೆ ಮಳೆ ಬಂತು ಎಂಬುದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

ವರದಿ ಬಂದ ಮೇಲೆ

ವರದಿಯಲ್ಲಿ ಜೀವಿಯ ಹೆಸರಿದ್ದರೆ, ಅದನ್ನು ಸಸಿಗೆ ತಗುಲಿಸಿ ಖಚಿತಪಡಿಸಿಕೊಂಡಿದ್ದಾರೆಯೇ ಅಥವಾ ತಟ್ಟೆಯಲ್ಲಿ ಕಂಡದ್ದನ್ನಷ್ಟೇ ಬರೆದಿದ್ದಾರೆಯೇ ಎಂದು ಕೇಳಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ನೋಟ್‌ಬುಕ್ ಹಿಡಿದು ಬಂದ ಕೃಷಿಕನೊಂದಿಗೆ ಮಾತನಾಡಲು ವಿಜ್ಞಾನಿಗಳಿಗೆ ಖುಷಿಯೇ. ಶಿಫಾರಸನ್ನು ಅನುಸರಿಸಿದ ಮೇಲೆ ಅದೇ 20 ಮರಗಳ ಅಂಕವನ್ನು ಮತ್ತೆ ಲೆಕ್ಕ ಹಾಕಿ. ವರದಿಯ ಪ್ರತಿಯೊಂದನ್ನು ಪಕ್ಕದ ತೋಟದವರಿಗೂ ಕೊಡಿ, ಗಾಳಿಮಳೆಗೆ ಬೇಲಿಯ ಲೆಕ್ಕವಿಲ್ಲ. "ರೋಗಾಣು ಪತ್ತೆಯಾಗಿಲ್ಲ" ಎಂದು ಬಂದರೆ ರೋಗವಿಲ್ಲವೆಂದು ತಿಳಿಯಬೇಡಿ. ಮಾದರಿ ಹಳೆಯದಾಗಿರಬಹುದು, ಔಷಧ ಹೊಡೆದ ಎಲೆಯಾಗಿರಬಹುದು, ಅಥವಾ ತೊಂದರೆ ಮಣ್ಣಿನದ್ದಾಗಿರಬಹುದು. ಮಣ್ಣು ಪರೀಕ್ಷೆಗೆ ಕೊಟ್ಟು, ಮಳೆ ನಿಂತ ಒಂದು ಬೆಳಿಗ್ಗೆ, ಹೊಸದಾಗಿ ಚುಕ್ಕೆ ಮೂಡಿದ ಎಲೆಯನ್ನು ಕೊಯ್ದು ಇನ್ನೊಮ್ಮೆ ಕಳುಹಿಸಿ.