ಹತ್ತು ನಿಮಿಷ ಮತ್ತು ಖಾಲಿ ಆವರ್ತ: ದೊಡ್ಡವರಿಗೆ ಹಾಡು ಕಲಿಸಿದ ನನ್ನ ಅನುಭವ

ಹೋದ ನವರಾತ್ರಿಯಲ್ಲಿ ನಮ್ಮ ಮನೆಯ ಗೊಂಬೆ ಮುಂದೆ ಒಂಬತ್ತು ಜನ ಕೂತು ಮೋಹನ ರಾಗದ ವರ್ಣವನ್ನು ಎರಡು ಕಾಲದಲ್ಲಿ, ಅಂದರೆ ಒಮ್ಮೆ ನಿಧಾನವಾಗಿ, ಒಮ್ಮೆ ಅದರ ಎರಡರಷ್ಟು ವೇಗದಲ್ಲಿ ಹಾಡಿದರು. ವರ್ಣ ಅಂದರೆ ಕರ್ನಾಟಕ ಸಂಗೀತದಲ್ಲಿ ಸಾಹಿತ್ಯ, ಸ್ವರ ಎರಡೂ ಇರುವ ಕಷ್ಟದ ರಚನೆ. ನಾನು ಬಾಯಿ ಬಿಡಲಿಲ್ಲ, ತಾಳವನ್ನೂ ಹಾಕಲಿಲ್ಲ. ಅವರಲ್ಲಿ ಚಿಕ್ಕವರಿಗೆ 38 ವರ್ಷ, ದೊಡ್ಡವರಿಗೆ 61. ಎಲ್ಲರೂ ಮೊಟ್ಟಮೊದಲ ಸ್ವರ ಪಾಠವಾದ ಸರಳೆ ವರಸೆಯಿಂದ ನನ್ನ ಹತ್ತಿರವೇ ಶುರು ಮಾಡಿದವರು. "ಈ ವಯಸ್ಸಿನವರಿಗೆ ವರ್ಣ ಎಲ್ಲಿ ಬರುತ್ತೆ, ನಾಲ್ಕು ದೇವರನಾಮ ಹೇಳಿಕೊಟ್ಟು ಕಳಿಸು" ಅಂತ ನನಗೆ ಹೇಳಿದ್ದ ಹಿರಿಯ ವಿದುಷಿಯೊಬ್ಬರೂ ಅಲ್ಲೇ ಕೂತು ಕೇಳಿದರು. ಅವರು ಕೊನೆವರೆಗೂ ಎದ್ದು ಹೋಗಲಿಲ್ಲ. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ.

ಮೈಸೂರಿನ ಕುವೆಂಪುನಗರದಲ್ಲಿ ನಾನು ಪಾಠ ಹೇಳಲು ಶುರು ಮಾಡಿ 22 ವರ್ಷ ಆಯಿತು. ಮಕ್ಕಳ ಪಾಠದಲ್ಲಿ ನನಗೆ ಅಂಥ ಕಷ್ಟ ಆಗಲಿಲ್ಲ. ಸೋತಿದ್ದು ದೊಡ್ಡವರ ಹತ್ತಿರ. ನನ್ನ ಗುರುಗಳು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ: ಬೆಳಿಗ್ಗೆ 5ಕ್ಕೆ ಎದ್ದು ಒಂದು ಗಂಟೆ ಸಾಧನೆ ಮಾಡಿ. ಒಂದು ಬ್ಯಾಚಿನಲ್ಲಿ 14 ಜನ ಇದ್ದರು. ಮೂರು ತಿಂಗಳ ಮೇಲೆ ಉಳಿದವರು ಮೂರೇ ಜನ. ಮಿಕ್ಕವರು ಸೋಮಾರಿಗಳಲ್ಲ. ಡಬ್ಬಿ ಕಟ್ಟಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ಎಂಟಕ್ಕೆ ಬಸ್ ಹಿಡಿಯಬೇಕು. ಒಂದು ಗಂಟೆ ಸಿಗಲಿಲ್ಲ ಅಂತ ಹತ್ತು ನಿಮಿಷವನ್ನೂ ಬಿಡುತ್ತಿದ್ದರು. ಮುಂದಿನ ವಾರ ಕ್ಲಾಸಿಗೆ ಬರಲು ನಾಚಿಕೆ. ಆಮೇಲೆ ಬರುವುದೇ ನಿಂತು ಹೋಗುತ್ತಿತ್ತು.

ಆಗ ನಾನು ದುಡ್ಡು ಸುರಿಯಲು ಶುರು ಮಾಡಿದೆ. ಹಾಡಲು ಆಧಾರ ಸ್ವರ ನುಡಿಸುತ್ತಲೇ ಇರುವ ನಾಲ್ಕು ಶ್ರುತಿ ಪೆಟ್ಟಿಗೆ ತಂದು ಸರದಿ ಮೇಲೆ ಮನೆಗೆ ಕೊಟ್ಟೆ. ಅದಕ್ಕೆ 14 ಸಾವಿರದಷ್ಟು ಹೋಯಿತು. ಎರಡು ಪೆಟ್ಟಿಗೆ ಧೂಳು ಹಿಡಿದು ವಾಪಸ್ ಬಂದವು, ಒಂದಕ್ಕೆ ಅಡಾಪ್ಟರೇ ಇರಲಿಲ್ಲ. ಮೈಕ್ ಒಂದು ಆರೂವರೆ ಸಾವಿರ. ಆಮೇಲೆ ಸ್ಟುಡಿಯೋದಲ್ಲಿ ಕೂತು ಸರಳೆ, ಜಂಟಿ, ಅಲಂಕಾರ ಅನ್ನುವ ಆರಂಭದ ಪಾಠಗಳನ್ನು ಪೂರ್ತಿ ಹಾಡಿ ಪೆನ್‌ಡ್ರೈವ್‌ಗೆ ಹಾಕಿಸಿ ಹಂಚಿದೆ. ಅದು 18 ಸಾವಿರ. ಹತ್ತಿರ ಹತ್ತಿರ 40 ಸಾವಿರ. ಆಗ ನನ್ನ ಫೀಸು ತಿಂಗಳಿಗೆ 1,200 ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ.

ನನ್ನ ಕಣ್ಣು ತೆರೆಸಿದ್ದು ಆ ಪೆನ್‌ಡ್ರೈವೇ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು, ಆಗ 52 ವರ್ಷ, ದಿನಾ ಅದರ ಜೊತೆ ಹಾಡುತ್ತಿದ್ದರು. "ಮಿಸ್, ಈಗ ಸರಿಯಾಗಿ ಬರ್ತಿದೆ" ಅಂದರು. ರೆಕಾರ್ಡಿಂಗ್ ಜೊತೆ ಹಾಡಿಸಿದೆ, ಚೆನ್ನಾಗಿತ್ತು. ನಿಲ್ಲಿಸಿ, ಬರೀ ಶ್ರುತಿ ಇಟ್ಟು ಹಾಡಿಸಿದೆ. ಇಳಿಯುವಾಗ ಮ ಗ ರಿ ಸ ಬಂದ ಕಡೆ ರಿಷಭ, ಅಂದರೆ ರಿ ಸ್ವರ, ಇರಬೇಕಾದ್ದಕ್ಕಿಂತ ಮೇಲೇ ನಿಂತುಬಿಟ್ಟಿತು. ಈ ಪಾಠಗಳ ರಾಗ ಮಾಯಾಮಾಳವಗೌಳ, ಅದರ ಶುದ್ಧ ರಿಷಭ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಅಂಟಿಕೊಂಡ ಹಾಗೆ ಕೂರಬೇಕು. ಅವರಿಗೆ ತಪ್ಪು ಕೇಳಲೇ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ತಕ್ಷಣ ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಮೂರು ಸಲ ಕೇಳಿದರು. "ಇಷ್ಟು ದಿನ ಇದನ್ನೇ ಹಾಡ್ತಿದ್ನಾ ಮಿಸ್?" ಅಂದವರೇ ಕಣ್ಣು ಮುಚ್ಚಿ ಮತ್ತೆ ಹಾಡಿದರು. ರಿಷಭ ಕೆಳಗೆ ಬಂತು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಆರು ತಿಂಗಳು ಅವರು ಹಾಡಿದ್ದು ನನ್ನ ದನಿಗೆ ಒರಗಿಕೊಂಡು. ಕ್ಲಾಸಿನಲ್ಲೂ ಅದೇ ಆಗುತ್ತಿತ್ತು, ಪಾಠ ಹೇಳುವ ನಾವು ಜೊತೆಗೆ ಹಾಡುತ್ತಲೇ ಇರುತ್ತೇವೆ ಅಲ್ವಾ.

ಅಂದೇ ರಾತ್ರಿ ಹೊಸದಾಗಿ ರೆಕಾರ್ಡ್ ಮಾಡಿದೆ, ನನ್ನ ಫೋನಿನಲ್ಲೇ. ಒಂದು ಆವರ್ತ, ಅಂದರೆ ತಾಳದ ಒಂದು ಪೂರ್ತಿ ಸುತ್ತು, ನಾನು ಹಾಡುವುದು, ಮುಂದಿನ ಆವರ್ತ ಖಾಲಿ. ಖಾಲಿ ಅಂದರೆ ಶ್ರುತಿ ಇರುತ್ತೆ, ತಾಳದ ತಟ್ಟು ಇರುತ್ತೆ, ನಾನು ಇರುವುದಿಲ್ಲ. ನಿಮಿಷಕ್ಕೆ 60 ತಟ್ಟು ಇಟ್ಟರೆ ಎಂಟು ಎಣಿಕೆಯ ಆದಿತಾಳದ ಒಂದು ಆವರ್ತಕ್ಕೆ 8 ಸೆಕೆಂಡ್. ಹತ್ತು ನಿಮಿಷದಲ್ಲಿ 75 ಆವರ್ತ, ಅದರಲ್ಲಿ 37 ಅವರದೇ. ಹಳೇ ಒಂದು ಗಂಟೆಯಲ್ಲಿ ಅವರು ಒಬ್ಬರೇ ಹಾಡಿದ್ದು ಇದರ ಅರ್ಧವೂ ಇರಲಿಕ್ಕಿಲ್ಲ. ಎರಡು ವಾರ ಆದಮೇಲೆ ಎರಡು ಆವರ್ತ ಖಾಲಿ ಬಿಡುತ್ತೇನೆ, ಆಮೇಲೆ ನಾಲ್ಕು.

ದಿನಕ್ಕೆ ಹತ್ತು ನಿಮಿಷ, ಆದರೆ ವಾರಕ್ಕೆ ಆರು ದಿನ. ಸಾಧ್ಯ ಆದರೆ ಸಂಜೆ ಇನ್ನೊಂದು ಹತ್ತು. ಹಾಡಿದ್ದರಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಮೊದಲು ತಾವೇ ಕೇಳಿ, ಎಲ್ಲಿ ಜಾರಿತು ಅಂತ ಒಂದು ಸಾಲು ಬರೆದು ವಾಟ್ಸಾಪ್‌ನಲ್ಲಿ ಕಳಿಸಬೇಕು. ಬರೆಯದೆ ಬರೀ ಹಾಡು ಕಳಿಸಿದರೆ ನಾನು ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಬಹಳ ಗಟ್ಟಿ. ಹನ್ನೆರಡು ಜನರದು ಕೇಳಲು ನನಗೆ ಕಾಲು ಗಂಟೆ ಸಾಕು.

ಇನ್ನೊಂದು ಬದಲಾವಣೆ ಮಾಡಿದೆ. ದೊಡ್ಡವರು ಯಾವಾಗಲೂ ಮೊದಲಿಂದ ಹಾಡುತ್ತಾರೆ. ತಪ್ಪಾದ ಕೂಡಲೇ ಮತ್ತೆ ಮೊದಲಿಂದ. ಪಲ್ಲವಿ ಬೆಣ್ಣೆ ಹಾಗಿರುತ್ತೆ, ಚರಣದ ಕೊನೇ ಸ್ವರಸಾಲು ಕಲ್ಲು. ಹಾಗಾಗಿ ವರ್ಣವನ್ನು ಹಿಂದಿನಿಂದ ಕಲಿಸಿದೆ. ಕೊನೇ ಸ್ವರಸಾಲಿನ ಕೊನೇ ಆವರ್ತ ಮೊದಲು, ಆಮೇಲೆ ಅದರ ಹಿಂದಿನದು. ಹಾಡುತ್ತಾ ಹೋದ ಹಾಗೆ ಗೊತ್ತಿರುವ ಕಡೆಗೇ ಹೋಗುತ್ತಾರೆ, ಹೆದರಿಕೆ ಕಡಿಮೆ. ಯಾವ ದಿನ ಯಾವ ಸಾಲು ಅಂತ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ, ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಇಲ್ಲಿ ಬರೆಯುವುದಿಲ್ಲ. ಐದು ವರ್ಷ ಕೂತು ಮಾಡಿದ್ದು, ಅದು ನನ್ನ ಕ್ಲಾಸಿಗೆ ಬಂದವರಿಗೆ.

ಶ್ರುತಿ ವಿಷಯದಲ್ಲೂ ಜಗಳ ಆಗಿದೆ. ಶ್ರುತಿ ಅಂದರೆ ಹಾಡಲು ಹಿಡಿಯುವ ಆಧಾರ ಸ್ವರದ ಎತ್ತರ, ಸಂಖ್ಯೆ ಹೆಚ್ಚಾದಷ್ಟು ದನಿ ಮೇಲೆ. ನನ್ನದು ಐದೂವರೆ. ಮೊದಲು ಹೆಂಗಸರನ್ನೆಲ್ಲ ಅದಕ್ಕೇ ಎಳೆಯುತ್ತಿದ್ದೆ. ತಾರ ಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ, ಹೋಗುವಾಗ ಕತ್ತಿನ ನರ ಉಬ್ಬುತ್ತಿತ್ತು. ಈಗ 45 ದಾಟಿದವರಿಗೆ ನಾಲ್ಕೂವರೆ, ಕೆಲವರಿಗೆ ನಾಲ್ಕು. ಗಂಡಸರ ಹಾಗೆ ಕೇಳುತ್ತೆ ಅಂತ ಮುಖ ಸಣ್ಣ ಮಾಡುತ್ತಾರೆ. ಅವರಿಗೆ ನಾನು ಗಂಗೂಬಾಯಿ ಹಾನಗಲ್ ಅವರ ರೆಕಾರ್ಡಿಂಗ್ ಹಾಕುತ್ತೇನೆ. ಟಾನ್ಸಿಲ್ ಚಿಕಿತ್ಸೆ ಆದಮೇಲೆ ಅವರ ದನಿ ದಪ್ಪ ಆಯಿತು, ಆ ದನಿಯಲ್ಲೇ ಅವರು ಅಷ್ಟು ದೊಡ್ಡ ಗಾಯಕಿ ಆದರು. ಕೇಳಿದ ಮೇಲೆ ಯಾರೂ ವಾದ ಮಾಡಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಎಳನೀರು ಕುಡಿಯುವ ಸ್ಟ್ರಾ ಬಾಯಲ್ಲಿ ಇಟ್ಟು, ಅರ್ಧ ಲೋಟ ನೀರಿನಲ್ಲಿ ಗುಳ್ಳೆ ಬರುವ ಹಾಗೆ 'ಊ' ಅಂತ ಸ್ವರ ಏರಿಸಿ ಇಳಿಸುವುದು. ಎರಡು ನಿಮಿಷ ಸಾಕು, ಗಂಟಲು ಸಡಿಲ ಆಗುತ್ತೆ. ಟೀಚರ್ ಕೆಲಸದವರಿಗೆ ಇದರಿಂದ ತುಂಬಾ ಉಪಯೋಗ ಆಯಿತು. ಲಾಕ್‌ಡೌನ್‌ನಲ್ಲಿ ಆನ್‌ಲೈನ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಹಾಡಿಸಲು ಹೋದೆ, ಒಬ್ಬರ ತಾಳ ಇನ್ನೊಬ್ಬರಿಗೆ ತಡವಾಗಿ ಬಂದು ಪೂರ್ತಿ ಕೆಟ್ಟಿತು. ಆದರೆ ಖಾಲಿ ಆವರ್ತಕ್ಕೆ ಮಾತ್ರ ಆಗ ಏನೂ ತೊಂದರೆ ಆಗಲಿಲ್ಲ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಕುಕ್ಕರಹಳ್ಳಿ ಕೆರೆ ಸುತ್ತ ತಾಳಕ್ಕೆ ನಡೆದದ್ದು. ಹೆಜ್ಜೆಗೊಂದು ಎಣಿಕೆ. ಆದಿತಾಳದಲ್ಲಿ ಪ್ರತಿ ಸಲವೂ ಸಮ, ಅಂದರೆ ಆವರ್ತದ ಮೊದಲ ಎಣಿಕೆ, ಬಲಗಾಲಿಗೇ ಬರುತ್ತೆ. ಮಿಶ್ರಛಾಪು ಏಳು ಎಣಿಕೆ, ಒಂದು ಸಲ ಬಲಗಾಲು, ಮುಂದಿನ ಸಲ ಎಡಗಾಲು. ಮೊದಲ ದಿನ ಎಲ್ಲರೂ ತಡವರಿಸಿದರು. ನಾಲ್ಕನೇ ವಾರಕ್ಕೆ ಕೈಯಲ್ಲಿ ತಾಳ ಬಿಡುತ್ತಿದ್ದವರೂ ಕಾಲಲ್ಲಿ ಬಿಡಲಿಲ್ಲ. ಹಾಡಿಕೊಂಡು ನಡೆಯಲು ಮಾತ್ರ ಉಸಿರು ಸಾಲಲಿಲ್ಲ, ಅದನ್ನು ಬಿಟ್ಟೆವು.

ಕಳೆದ ಬ್ಯಾಚಿಗೆ ಸೇರಿದವರು 12, ಒಂದೂವರೆ ವರ್ಷ ಆದಮೇಲೂ 10 ಜನ ಬರುತ್ತಿದ್ದಾರೆ. ಫೀಸು ಈಗ 1,800, ಯಾರೂ ಗೊಣಗಿಲ್ಲ. ನಾಲ್ವರು ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದರು. ಆ 40 ಸಾವಿರ ಎಂದೋ ವಾಪಸ್ ಬಂತು.

ಕಲ್ಪನಾ ಸ್ವರಕ್ಕೆ, ಅಂದರೆ ಹಾಡುತ್ತಲೇ ತಾವೇ ಹೊಸದಾಗಿ ಸ್ವರ ಹೆಣೆಯುವುದಕ್ಕೆ, ಈ ದಾರಿ ಇನ್ನೂ ಒಗ್ಗಿಲ್ಲ. ಖಾಲಿ ಆವರ್ತ ಬಂದರೆ ನಾನು ಹಾಡಿದ್ದನ್ನೇ ತಿರುಗಿ ಹಾಡುತ್ತಾರೆ, ತಮ್ಮದು ಹುಟ್ಟುವುದಿಲ್ಲ. ಈಗ ಕೊನೇ ನಾಲ್ಕು ಸ್ವರ ಮಾತ್ರ ನಾನು ಕೊಟ್ಟು, ಅಲ್ಲಿಗೆ ಬಂದು ಸೇರುವ ಕೆಲಸ ಅವರಿಗೆ ಬಿಟ್ಟು ನೋಡುತ್ತಿದ್ದೇನೆ. ಮೂರು ಜನ, ಎರಡು ವಾರ ಆಗಿದೆ. ಆ ಬ್ಯಾಂಕಿನವರು ನಿನ್ನೆ ಕಳಿಸಿದ್ದರಲ್ಲಿ ಐದು ಸ್ವರ ಅವರದೇ ಇದ್ದವು.