ಹದಿನಾಲ್ಕು ದಿನಗಳ ಸಿಜಿಎಂ ವರದಿಯನ್ನು ಓದುವ ಕ್ರಮ

ಟೈಪ್ 1 ಮಧುಮೇಹ ಇರುವವರು ತೋಳಿಗೆ ಸಿಜಿಎಂ, ಎಂದರೆ ಸಕ್ಕರೆಯನ್ನು ಹಗಲೂ ರಾತ್ರಿ ಬಿಡದೆ ಅಳೆಯುವ ಸಾಧನದ, ಸೆನ್ಸರ್ ಹಾಕಿಕೊಂಡ ಹೊಸತರಲ್ಲಿ ಗಳಿಗೆಗೊಮ್ಮೆ ಫೋನ್ ನೋಡುವುದೂ ಅಂಕಿ ಏರಿದ ಕೂಡಲೇ ಒಂದೆರಡು ಯೂನಿಟ್ ಇನ್ಸುಲಿನ್ ಹೆಚ್ಚಿಗೆ ತೆಗೆದುಕೊಳ್ಳುವುದೂ ಸಾಮಾನ್ಯ. ಊಟಕ್ಕೆಂದು ಹಾಕಿಕೊಂಡ ಇನ್ಸುಲಿನ್ ಮೂರರಿಂದ ಐದು ಗಂಟೆಗಳವರೆಗೆ ಕೆಲಸ ಮಾಡುತ್ತಲೇ ಇರುವುದರಿಂದ, ಅದು ಮುಗಿಯುವ ಮೊದಲೇ ಮತ್ತೊಂದು ಡೋಸ್ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡೋಸ್ ಬದಲಿಸುವ ತೀರ್ಮಾನಕ್ಕೆ ಆಧಾರವಾಗಬೇಕಾದದ್ದು ಹದಿನಾಲ್ಕು ದಿನಗಳ ವರದಿ. ಅದರಲ್ಲಿಯೂ ಸೆನ್ಸರ್ ಕನಿಷ್ಠ ಶೇ. 70ರಷ್ಟು ಸಮಯ ದಾಖಲಿಸಿರಬೇಕು.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವೆ ಇರುವ ದ್ರವದಲ್ಲಿನ ಗ್ಲೂಕೋಸನ್ನು. ಆದ್ದರಿಂದ ಅದು ತೋರಿಸುವ ಅಂಕಿ ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದಿರುತ್ತದೆ. ಸಕ್ಕರೆ ಸ್ಥಿರವಾಗಿರುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲವಾದರೂ ವೇಗವಾಗಿ ಇಳಿಯುತ್ತಿರುವಾಗ ಬಹಳ ಮುಖ್ಯವಾಗುತ್ತದೆ. ಸಕ್ಕರೆ 70ಕ್ಕಿಂತ (ಇಲ್ಲಿನ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ) ಕೆಳಗಿಳಿದಾಗ 15 ಗ್ರಾಂ ಗ್ಲೂಕೋಸ್ ಸೇವಿಸಿದ ಮೇಲೂ ಪರದೆಯ ಮೇಲಿನ ಅಂಕಿ ಕೆಲವು ನಿಮಿಷ ಇಳಿಯುತ್ತಲೇ ಹೋಗಬಹುದು; ಅದನ್ನು ನಂಬಿ ಮತ್ತೆ ಮತ್ತೆ ತಿಂದವರ ಸಕ್ಕರೆ ಆಮೇಲೆ 250 ದಾಟಬಹುದು. ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿ, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮತ್ತೊಮ್ಮೆ ಅಷ್ಟೇ ಗ್ಲೂಕೋಸ್ ತೆಗೆದುಕೊಳ್ಳಬೇಕು. ಮೈಗೆ ಅನಿಸುವುದಕ್ಕೂ ಪರದೆಯ ಅಂಕಿಗೂ ಹೊಂದಿಕೆಯಾಗದಿದ್ದಾಗಲೂ ಬೆರಳು ಚುಚ್ಚಿಯೇ ನೋಡಬೇಕು.

ವರದಿ ತೆರೆದೊಡನೆ ಹೆಚ್ಚಿನವರ ಕಣ್ಣು ಹೋಗುವುದು ಸರಾಸರಿಯ ಮೇಲೆ. ಆದರೆ ಒಂದೇ ದಿನದಲ್ಲಿ 50ಕ್ಕೂ 300ಕ್ಕೂ ಹೋಗಿಬಂದವರ ಸರಾಸರಿಯೂ ಒಪ್ಪವಾಗಿಯೇ ಕಾಣಬಹುದಾದ್ದರಿಂದ, ಮೊದಲು ನೋಡಬೇಕಾದದ್ದು ಸಕ್ಕರೆ ಕಡಿಮೆಯಾದ ಸಮಯವನ್ನು. 70ಕ್ಕಿಂತ ಕೆಳಗಿನ ಸಮಯ ಶೇ. 4ರೊಳಗೆ, ಎಂದರೆ ದಿನಕ್ಕೆ ಒಂದು ಗಂಟೆಯೊಳಗೆ, ಇರಬೇಕು. 54ಕ್ಕಿಂತ ಕೆಳಗಿನದು ಶೇ. 1ರೊಳಗೆ, ಸುಮಾರು ಕಾಲು ಗಂಟೆಯೊಳಗೆ, ಇರಬೇಕು. ಇದು ಸರಿಹೋಗುವವರೆಗೆ ಏರಿದ ಸಕ್ಕರೆಯನ್ನು ಇಳಿಸಲು ಹೊರಡುವುದು ಅವಸರದ ಕೆಲಸ, ಏಕೆಂದರೆ ಎಷ್ಟೋ ಏರಿಕೆಗಳು ಹಿಂದಿನ ಇಳಿತವನ್ನು ಸರಿಪಡಿಸಲು ತಿಂದದ್ದರ ಫಲವಾಗಿರುತ್ತವೆ. ಆಮೇಲಿನ ಗುರಿ 70ರಿಂದ 180ರ ನಡುವಿನ ಸಮಯವನ್ನು ಶೇ. 70ಕ್ಕಿಂತ ಮೇಲಕ್ಕೆ, ಎಂದರೆ ದಿನಕ್ಕೆ ಹೆಚ್ಚುಕಡಿಮೆ ಹದಿನೇಳು ಗಂಟೆಗೆ, ಒಯ್ಯುವುದು.

ಹದಿನಾಲ್ಕೂ ದಿನಗಳನ್ನು ಒಂದರ ಮೇಲೊಂದಿಟ್ಟು ವರದಿ ತೋರಿಸುವ ಇಪ್ಪತ್ನಾಲ್ಕು ಗಂಟೆಗಳ ಚಿತ್ರದಲ್ಲಿ ನಡುವಿನ ಗೆರೆ ಮಧ್ಯಮ ಮೌಲ್ಯವನ್ನೂ ಅದರ ಸುತ್ತಲಿನ ಗಾಢ ಪಟ್ಟಿ ಅರ್ಧದಷ್ಟು ಅಳತೆಗಳನ್ನೂ ತೋರಿಸುತ್ತವೆ. ಪಟ್ಟಿ ಕಿರಿದಾಗಿದ್ದು ಎತ್ತರದಲ್ಲಿದ್ದರೆ ದಿನವೂ ಒಂದೇ ರೀತಿಯ ಏರಿಕೆ ಆಗುತ್ತಿದೆ ಎಂದು ಅರ್ಥ. ಅಂಥದನ್ನು ಡೋಸ್ ಅಥವಾ ಹೊತ್ತು ಬದಲಿಸಿ ಸರಿಪಡಿಸಬಹುದು. ಪಟ್ಟಿಯೇ ಅಗಲವಾಗಿದ್ದರೆ ಡೋಸಿಗೆ ಕೈಹಾಕುವ ಮೊದಲು ಊಟದ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುತ್ತಿದೆಯೇ, ಇನ್ಸುಲಿನ್ ಮರೆತುಹೋಗುತ್ತಿದೆಯೇ, ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಚರ್ಮ ಗಂಟುಕಟ್ಟಿದೆಯೇ ಎಂದು ನೋಡಬೇಕು. ಈ ಗಂಟಿನ ವಿಚಾರವನ್ನು ಎಷ್ಟು ಹೇಳಿದರೂ ಕಡಿಮೆಯೇ; ಬೆರಳಿನಿಂದ ಹೊಟ್ಟೆಯನ್ನು ಸವರಿ ನೋಡಿದರೆ ತಿಳಿಯುತ್ತದೆ.

ಬೆಳಗಿನ ತಿಂಡಿಯನ್ನೇ ತೆಗೆದುಕೊಳ್ಳೋಣ. ಎಂಟು ಗಂಟೆಗೆ ನಾಲ್ಕು ಇಡ್ಲಿ ತಿಂದು, ತಟ್ಟೆಯ ಮುಂದೆ ಕುಳಿತ ಮೇಲೆ ಇನ್ಸುಲಿನ್ ಹಾಕಿಕೊಳ್ಳುವವರ ಗೆರೆ ಒಂಬತ್ತೂಕಾಲಕ್ಕೆ 240 ಮುಟ್ಟಿ, ಹನ್ನೆರಡರ ಹೊತ್ತಿಗೆ 110ಕ್ಕೆ ಬಂದು ನಿಂತಿದ್ದರೆ ಡೋಸ್ ಸರಿಯಾಗಿದೆ, ಹೊತ್ತು ತಡವಾಗಿದೆ. ಇಂಥಲ್ಲಿ ತಿಂಡಿಗೆ ಹದಿನೈದು ಇಪ್ಪತ್ತು ನಿಮಿಷ ಮೊದಲು ಹಾಕಿಕೊಳ್ಳುವುದು ಸಾಕಾಗಬಹುದು. ಆದರೆ ಆ ಗಳಿಗೆಯಲ್ಲಿ ಸಕ್ಕರೆ ಕಡಿಮೆ ಇದ್ದರೆ ಅಥವಾ ಇಳಿಯುತ್ತಿದ್ದರೆ ಹೀಗೆ ಕಾಯಬಾರದು. ಹನ್ನೆರಡಕ್ಕೂ ಗೆರೆ 220ರಲ್ಲಿಯೇ ಉಳಿದಿದ್ದರೆ ಮಾತ್ರ ಡೋಸಿನ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ಎಣ್ಣೆ ತುಪ್ಪ ಹೆಚ್ಚಿರುವ ಪೂರಿ, ಹೋಳಿಗೆಯಂಥವುಗಳಲ್ಲಿ ಏರಿಕೆ ತಡವಾಗಿ ಬಂದು ಬಹಳ ಹೊತ್ತು ನಿಲ್ಲುವುದರಿಂದ ಆ ದಿನಗಳನ್ನು ಗುರುತು ಹಾಕಿ ಬೇರೆಯಾಗಿ ನೋಡುವುದು ಒಳ್ಳೆಯದು.

ರಾತ್ರಿಯ ಇಳಿತಗಳಲ್ಲಿ ಎರಡು ಬಗೆ. ಮಲಗಿದಾಗ ಇದ್ದ 140 ಗಂಟೆಗಳ ಕಾಲ ನಿಧಾನವಾಗಿ ಜಾರಿ ಮೂರರ ಹೊತ್ತಿಗೆ 60ಕ್ಕೆ ಬಂದಿದ್ದರೆ, ಮತ್ತು ಅದು ಬಹಳಷ್ಟು ರಾತ್ರಿ ಕಂಡರೆ, ದೀರ್ಘಾವಧಿ ಇನ್ಸುಲಿನ್ ಹೆಚ್ಚಾಗಿರುವ ಸಾಧ್ಯತೆಯಿದೆ. ಗೆರೆ ಒಮ್ಮೆಲೇ ಕುಸಿದು, ಮಗ್ಗುಲು ಬದಲಿಸಿದ ನಂತರ ಹಾಗೆಯೇ ಮೇಲೆದ್ದಿದ್ದರೆ, ಸೆನ್ಸರ್ ಇರುವ ತೋಳಿನ ಮೇಲೆ ಭಾರ ಬಿದ್ದು ಬಂದ ತಪ್ಪು ಅಂಕಿ ಅದು ಎನ್ನಬಹುದು. ಆದರೂ ಅಲಾರಂ ಹೊಡೆದ ರಾತ್ರಿ ಇದನ್ನು ಊಹೆಗೆ ಬಿಡದೆ ಎದ್ದು ಮೀಟರಿನಲ್ಲಿ ನೋಡಲೇಬೇಕು.

ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ. ಅದರ ಪರಿಣಾಮವನ್ನು ಮೂರು ನಾಲ್ಕು ದಿನ ನೋಡಿದ ಮೇಲೆ ಮುಂದಿನದು. ಸಕ್ಕರೆ 250ಕ್ಕಿಂತ ಮೇಲೆಯೇ ನಿಂತು ವಾಂತಿ, ಹೊಟ್ಟೆನೋವು ಕಾಣಿಸಿಕೊಂಡರೆ ವರದಿಯನ್ನು ಬದಿಗಿಟ್ಟು ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿದಾಗ ರಕ್ತದಲ್ಲಿ ಸೇರುವ ಆಮ್ಲ) ಪರೀಕ್ಷಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ ಗುರಿಯ ವ್ಯಾಪ್ತಿ 63ರಿಂದ 140. ವಯಸ್ಸಾದವರಿಗೆ ಮತ್ತು ಇಳಿತದ ಸುಳಿವು ಮೈಗೆ ತಿಳಿಯದವರಿಗೆ 70ರಿಂದ 180ರ ನಡುವಿನ ಸಮಯದ ಗುರಿ ಸಡಿಲವಾಗಿರುತ್ತದೆ, 70ಕ್ಕಿಂತ ಕೆಳಗಿನ ಸಮಯದ ಮಿತಿ ಮಾತ್ರ ಇನ್ನೂ ಬಿಗಿಯಾಗಿರುತ್ತದೆ; ಅವನ್ನು ವೈದ್ಯರೇ ನಿಗದಿಪಡಿಸಬೇಕು.